ಬಾಡೂಟದ ದಿನ ಎರಡು ಮಾತ್ರೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ನನ್ನ ಗಂಡನ ಮಾತ್ರೆ ಕದ್ದವಳು. ಒಂದಲ್ಲ, ಒಂಬತ್ತು. ಕದ್ದದ್ದು ಕುರಿಮಾಂಸಕ್ಕಾಗಿ. ಇದನ್ನು ಬರೆಯುವಾಗಲೂ ನಗು ಬರುತ್ತಿದೆ. ನಗಬಾರದು, ಒಬ್ಬಳನ್ನು ಅಳಿಸಿದ ಕತೆ ಇದು ಎಂದು ಹಲ್ಲು ಕಚ್ಚಿಕೊಂಡರೆ ಇನ್ನೂ ಜಾಸ್ತಿ ಬರುತ್ತದೆ.

ಇಪ್ಪತ್ತೆರಡು ವರ್ಷ ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಮಳವಳ್ಳಿಯಿಂದ ಕಿರುಗಾವಲು ದಾಟಿ ಮೈಸೂರಿಗೆ, ಅಲ್ಲಿಂದ ವಾಪಸ್ಸು. ಸೀಟಿಗೆ ಟವೆಲ್ ಹಾಕಿ ಜಗಳಕ್ಕೆ ಬರುವವರು, ಸೆರಗಿನಲ್ಲಿ ಕೋಳಿ ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತ ಕೂರುವವರು, ಎಲ್ಲರನ್ನೂ ಗದರಿಸಿದ್ದೇನೆ. ಯಾರ ಮುಖ ನೋಡಿದರೂ ಟಿಕೆಟ್ ತೆಗೆದುಕೊಂಡಿದ್ದಾರೋ ಇಲ್ಲವೋ ಹೇಳಬಲ್ಲೆ. ಇಷ್ಟು ಜಂಬ ಇದ್ದವಳಿಗೆ ನಿವೃತ್ತಿಯಾದ ಮರುವರ್ಷವೇ ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲು ಸಿಕ್ಕಿತು. ಮಂಡ್ಯದ ಡಾಕ್ಟರಮ್ಮ ಒಂದು ಪುಟ್ಟ ಮಾತ್ರೆ ಬರೆದುಕೊಟ್ಟರು, ರಾತ್ರಿ ಊಟವಾದ ಮೇಲೆ ದಿನಕ್ಕೆ ಒಂದು.

ನನ್ನ ಗಂಡನಿಗೆ ಮೂರು ವರ್ಷದಿಂದ ಅದೇ ಜಾತಿಯ ಮಾತ್ರೆ ನಡೆಯುತ್ತಿತ್ತು. ಅವರದು ಡೋಸು ಹೆಚ್ಚು, ಗಾತ್ರವೂ ದೊಡ್ಡದು. ಅವರು ಗದ್ದೆ, ಕಬ್ಬು ನೋಡಿಕೊಳ್ಳುತ್ತಾರೆ. ಅದರ ಜೊತೆಗೆ ನಮ್ಮ ಬೀದಿಯ ಸಮುದಾಯ ಭವನದ ಕೀ ಅವರ ಸೊಂಟದಲ್ಲೇ ಇರುತ್ತದೆ. ಇಬ್ಬರ ಮಾತ್ರೆಯ ಶೀಟುಗಳೂ ಫ್ರಿಜ್ಜಿನ ಮೇಲಿನ ಒಂದೇ ಸ್ಟೀಲ್ ಡಬ್ಬಿಯಲ್ಲಿರುತ್ತಿದ್ದವು.

ಮಾತ್ರೆ ಶುರುವಾದ ಹೊಸದರಲ್ಲೇ ಭವನದಲ್ಲಿ ಹೆಂಗಸರಿಗೆ ಯೋಗ ಶುರುವಾಯಿತು. ಕಲಿಸುವವಳು ಬ್ಲಫ್ ಎಂಬ ಊರಿನಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು. ಅವಳ ಗಂಡನಿಗೆ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ, ಕ್ವಾರ್ಟರ್ಸಿನಲ್ಲಿ ಮನೆ. ಮೂವತ್ತರ ಹುಡುಗಿ, ಮಾತು ಮೆತ್ತಗೆ, ಬೆನ್ನು ಮಾತ್ರ ನೆಟ್ಟಗೆ. ನಾವು ಹನ್ನೊಂದು ಜನ ಅವಳನ್ನು ಟೀಚರ್ ಎನ್ನುತ್ತಿದ್ದೆವು. ಮೊದಲ ದಿನವೇ ಅವಳು ಕೇಳಿದಳು:

"ಯಾರಾದ್ರೂ ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಅಂತ ಮಾತ್ರೆ ತಗೊಳ್ತಿದ್ರೆ ಕೈ ಎತ್ತಿ. ಬಯ್ಯೋಕಲ್ಲ, ಯಾರಿಗೆ ಯಾವ ಆಸನ ಎಷ್ಟು ಮಾಡಿಸ್ಬೇಕು ಅಂತ ಗೊತ್ತಾಗ್ಬೇಕು."

ನನ್ನ ಪಕ್ಕದಲ್ಲಿ ನನ್ನ ವಾರಗಿತ್ತಿ, ಮೈದುನನ ಹೆಂಡತಿ, ಕೂತಿದ್ದಳು. ಹನಕೆರೆಯವಳು, ನನಗಿಂತ ಆರು ವರ್ಷ ಚಿಕ್ಕವಳು. ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು, "ನಂಗೇನದೆ? ಕಲ್ಲಂಗಿವ್ನಿ" ಎಂದಳು. ಅವಳು ಕಲ್ಲಂತೆ, ನಾನು ಮಾತ್ರ ರೋಗಿಯಂತೆ ಕೈ ಎತ್ತಬೇಕೆ? ನನ್ನ ಕೈ ಮೇಲೇಳಲಿಲ್ಲ. ಯಾರ ಕೈಯೂ ಏಳಲಿಲ್ಲ. ಟೀಚರ್ ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡಿ, "ಪುಣ್ಯವಂತರು" ಎಂದಳು.

ಅಯ್ಯೋ, ಆ ತರಗತಿಯ ಖುಷಿ ಏನು ಹೇಳಲಿ! ಊರಿನ ಬಾಡೂಟಗಳೆಲ್ಲ ನಡೆಯುವುದು ಅದೇ ಭವನದಲ್ಲಿ. ಮೂಲೆಯಲ್ಲಿ ಕೊಪ್ಪರಿಗೆಗಳು ಬೋರಲು ಬಿದ್ದಿರುತ್ತಿದ್ದವು. ಹಿಂದಿನ ದಿನ ಊಟವಾಗಿದ್ದರೆ ಬೆಳಿಗ್ಗೆ ಪ್ರಾಣಾಯಾಮಕ್ಕೆಂದು ಉಸಿರು ಎಳೆದ ಕೂಡಲೇ ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು ಎಲ್ಲ ಮೂಗಿಗೆ ಬರುತ್ತಿತ್ತು. "ನಿಧಾನವಾಗಿ ಉಸಿರು ಬಿಡಿ" ಎಂದು ಟೀಚರ್ ಹೇಳಿದರೆ ಹಿಂದಿನ ಸಾಲಿನವಳು "ಬುಡಕ್ಕೆ ಮನ್ಸೇ ಬತ್ತಿಲ್ಲ ಕಣಮ್ಮ" ಎನ್ನುತ್ತಿದ್ದಳು. ಹನ್ನೊಂದು ಜನ ಮಕಾಡೆ ಬಿದ್ದು ನಗುತ್ತಿದ್ದೆವು. ಒಂಟಿ ಕಾಲಿನಲ್ಲಿ ನಿಲ್ಲುವ ಆಸನದಲ್ಲಿ ನನ್ನನ್ನು ಮೀರಿಸುವವರೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ನಿಂತು ಕಲಿತದ್ದು, ನೆಲ ಅಲುಗಾಡದಿದ್ದರೆ ನನಗೇನು ಲೆಕ್ಕ? ಈ ವಯಸ್ಸಿನಲ್ಲಿ ಕಾಲೆತ್ತಿ, ಕೈಯೆತ್ತಿ, ನೆಲದ ಮೇಲೆ ಹೊರಳಾಡಿ, ಯಾರ ಅಡುಗೆಗೂ ಯಾರ ಚಾಕರಿಗೂ ಸೇರದ ಒಂದು ಗಂಟೆ ನನಗೆ ಸಿಕ್ಕಿತ್ತು. ಮನೆಗೆ ಬರುವಾಗ ರಸ್ತೆಯಲ್ಲೇ ಕುಣಿಯಬೇಕು ಅನ್ನಿಸುತ್ತಿತ್ತು.

ಸಂಕ್ರಾಂತಿ ಕಳೆದದ್ದೇ ತಡ, ಊಟಗಳ ಸುಗ್ಗಿ ಶುರುವಾಯಿತು. ಹರಕೆಯೂಟ, ಮುಡಿಯೂಟ, ಆಮೇಲೆ ಬೀಗರೂಟ. ನಮ್ಮ ಕಡೆ ಮದುವೆಯಲ್ಲಿ ತಿಂದದ್ದು ಯಾರಿಗೂ ನೆನಪಿರುವುದಿಲ್ಲ. ಮದುವೆ ಮುಗಿದ ಮೇಲೆ ಗಂಡಿನವರು ಹೆಣ್ಣಿನವರನ್ನು ಕರೆದು ಹಾಕುವ ಬೀಗರೂಟವೇ ನಿಜವಾದ ಮದುವೆ. ಮುದ್ದೆ, ಬೋಟಿ ಗೊಜ್ಜು, ಕೈಮ ಉಂಡೆ, ಮೂಳೆ ಸಾರು. ಬೇಡ ಎಂದರೆ ಬೀಗರಿಗೆ ಅವಮಾನ. ಬೇಡ ಎನ್ನುವ ಆಸೆಯೂ ನನಗಿರಲಿಲ್ಲ, ಅದು ಬೇರೆ ಮಾತು.

ಕಿರುಗಾವಲಿನಲ್ಲಿ ಒಂದು ಬೀಗರೂಟ ಉಂಡು ಬಂದ ದಿನ ನನಗೆ ಆ ದಿವ್ಯವಾದ ಯೋಚನೆ ಹೊಳೆಯಿತು. ಮಾತ್ರೆ ಇರುವುದು ಕೊಬ್ಬು ಕರಗಿಸಲು. ದಿನದ ಸೊಪ್ಪುಸಾರಿಗೆ ಒಂದು ಮಾತ್ರೆಯಾದರೆ ಕುರಿ ತಿಂದ ದಿನಕ್ಕೆ ಒಂದು ಹೇಗೆ ಸಾಕಾದೀತು? ಬಸ್ಸಿನಲ್ಲಿ ಜನರಿಗೆ ಒಂದು ಟಿಕೆಟ್ಟು, ಮೂಟೆ ತಂದರೆ ಲಗೇಜಿಗೆ ಇನ್ನೊಂದು. ಹೆಚ್ಚು ಭಾರಕ್ಕೆ ಹೆಚ್ಚು ಟಿಕೆಟ್ಟು, ಎಷ್ಟು ಸರಿಯಾಗಿದೆ! ಆವತ್ತು ಎರಡು ನುಂಗಿದೆ. ಎರಡನೆಯದನ್ನು ಗಂಡನ ಶೀಟಿನಿಂದ ತೆಗೆದೆ. ಅವರದು ದೊಡ್ಡದು, ಲಗೇಜಿಗೆ ಸರಿಹೋಗುತ್ತದೆ. ನನ್ನ ಶೀಟಿನಲ್ಲಿ ಕಮ್ಮಿಯಾದರೆ ಡಾಕ್ಟರಮ್ಮ ಹಿಡಿದುಹಾಕುತ್ತಾರೆ ಎಂಬ ಭಯವೂ ಇತ್ತು. ಇಪ್ಪತ್ತು ದಿನದಲ್ಲಿ ಒಂಬತ್ತು ಊಟ ಬಂದವು. ಒಂಬತ್ತು ಸಲವೂ ಡಬ್ಬಿಗೆ ಕೈ ಹಾಕಿ, ಒಂದು ಲೋಟ ನೀರು ಕುಡಿದು, ನೆಮ್ಮದಿಯಾಗಿ ಮಲಗಿದೆ.

ಆ ನಡುವೆಯೇ ರಥಸಪ್ತಮಿ ಬಂತು. ಆ ದಿನ ನೂರೆಂಟು ಸೂರ್ಯನಮಸ್ಕಾರ ಮಾಡುವುದು ಎಲ್ಲ ಕಡೆ ಉಂಟು. ಟೀಚರ್ ತಟ್ಟೆಯಲ್ಲಿ ನೂರೆಂಟು ಹುಣಸೆಬೀಜ ಎಣಿಸಿಟ್ಟಿದ್ದಳು, ಒಂದು ಸುತ್ತಿಗೆ ಒಂದು ಬೀಜ ಆಚೆ. ಶುರುಮಾಡುವ ಮುಂಚೆ ಮತ್ತೆ ಹೇಳಿದಳು: "ಮಾತ್ರೆ ತಗೊಳ್ಳೋರು, ಮೈ ನೋವಿರೋರು ಹನ್ನೆರಡು ಮಾಡಿ ಕೂತ್ಕೊಳ್ಳಿ. ಹನ್ನೆರಡಕ್ಕೂ ಪುಣ್ಯ ಅಷ್ಟೇ ಬರುತ್ತೆ."

ನಾನು ವಾರಗಿತ್ತಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಿದ್ದಳು. ಮುಗಿಯಿತಲ್ಲ! ನಲವತ್ತಕ್ಕೆ ಅರ್ಧ ಜನ ಕೂತರು. ಎಪ್ಪತ್ತಕ್ಕೆ ನನ್ನ ತೋಳು ನಡುಗಲು ಶುರುವಾಯಿತು. ತೊಂಬತ್ತಕ್ಕೆ ವಾರಗಿತ್ತಿ "ಆಗಕ್ಕಿಲ್ಲ ಕಣಕ್ಕ" ಎಂದು ಮಲಗಿಬಿಟ್ಟಳು. ಅದೇ ಹುಮ್ಮಸ್ಸಿನಲ್ಲಿ ನಾನು ನೂರೆಂಟೂ ಮುಗಿಸಿ, ಗೆದ್ದವಳಂತೆ ಭವನದ ತುಂಬ ಓಡಾಡಿದೆ.

ಮೊದಲ ಎರಡು ದಿನ ಮೈ ನೋಯಿತು. ಅಷ್ಟು ಮಾಡಿದರೆ ಯಾರಿಗಾದರೂ ನೋಯುತ್ತದೆ ಎಂದುಕೊಂಡೆ. ಮೂರನೆಯ ದಿನ ಕಮ್ಮಿಯಾಗಬೇಕಿತ್ತು, ಹೆಚ್ಚಾಯಿತು. ಎರಡೂ ತೊಡೆ, ಎರಡೂ ತೋಳು. ನಾಲ್ಕನೆಯ ದಿನ ನೆಲದಿಂದ ಏಳಲು ಹೋದರೆ ಕಾಲು ಮಾತೇ ಕೇಳಲಿಲ್ಲ. ತಲೆ ಬಾಚಲು ಕೈ ಎತ್ತಿದರೆ ಅರ್ಧಕ್ಕೆ ನಿಂತಿತು. ಇಪ್ಪತ್ತೆರಡು ವರ್ಷ ಕಂಬಿ ಹಿಡಿದ ಕೈ ಅದು. ನನಗೆ ನಿಜವಾಗಿ ಹೆದರಿಕೆಯಾಯಿತು.

ನನ್ನ ಗಂಡ ಕೆಂಡವಾದರು.

"ಬುಡು, ಎಲ್ಲಾ ಆ ಬ್ಲಪ್ಪಿನವ್ಳ ಕೆಲ್ಸ. ಚೆನ್ನಾಗಿ ಓಡಾಡ್ಕಂಡಿದ್ದೋಳ್ನ ಮೂಲೆಗಾಕವ್ಳೆ. ನಾಳಿಂದ ಬೀಗ ಜಡೀತೀನಿ ಕಣಮ್ಮಿ, ಅದ್ಯಾವ ಯೋಗ ಮಾಡ್ಸಾಳೋ ನೋಡ್ತೀನಿ."

"ಅವ್ಳದೇನ್ ತಪ್ಪು?" ಎಂದೆ, ದನಿ ಸಣ್ಣಗೆ ಮಾಡಿಕೊಂಡು.

"ಮತ್ತ್ಯಾರ್ದು, ನಂದಾ?" ಎಂದು ಸೊಂಟ ಹಿಡಿದುಕೊಂಡು, ಅಮ್ಮಾ ಎನ್ನುತ್ತ ಕುರ್ಚಿಯಿಂದ ಎದ್ದರು. ಆ ಅಮ್ಮಾ ಎನ್ನುವುದನ್ನು ನಾನು ಆಗಲೇ ಗಮನಿಸಬೇಕಿತ್ತು.

ಮರುದಿನ ಬೆಳಿಗ್ಗೆ ನಮ್ಮ ಕಿಟಕಿಯಿಂದಲೇ ಕಂಡಿತು. ಟೀಚರ್ ಬಸ್ಸಿಳಿದು ಬಂದಳು, ಹೆಗಲಲ್ಲಿ ಚಾಪೆಯ ಚೀಲ. ಭವನಕ್ಕೆ ಬೀಗ. ನನ್ನ ಗಂಡ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವಂತೆ, "ನೋಡಮ್ಮ, ನಿನ್ನ ಯೋಗ ಸಾಕು. ನಮ್ಮೆಂಗಸ್ರು ನಿನ್ನಿಂದ ಎದ್ದೇಳಂಗಿಲ್ಲ. ಇನ್ಮ್ಯಾಕೆ ಬರ್ಬ್ಯಾಡ" ಎಂದರು. ಹತ್ತು ಜನ ಹೆಂಗಸರು ನೆಲ ನೋಡುತ್ತ ನಿಂತಿದ್ದರು. ಅವಳು ಸೀದಾ ನಮ್ಮ ಮನೆಗೆ ಬಂದು ನನ್ನ ಮಂಚದ ಪಕ್ಕ ಕೂತಳು.

"ಅಕ್ಕ, ನಿಜ ಹೇಳಿ. ನೀವು ಯಾವುದಾದ್ರೂ ಮಾತ್ರೆ ತಗೋತೀರಾ?"

ಡಬ್ಬಿ ಫ್ರಿಜ್ಜಿನ ಮೇಲೆ, ಅವಳ ತಲೆಯ ಹಿಂದೆಯೇ ಇತ್ತು. ಬಾಗಿಲಲ್ಲಿ ಗಂಡ ನಿಂತಿದ್ದರು. ಒಂದು ಮಾತ್ರೆಯ ವಿಷಯ ಹೇಳಿದರೆ ಎರಡನೆಯದರದ್ದೂ ಬಾಯಿಗೆ ಬರುತ್ತದೆ, ಒಂಬತ್ತೂ ಬರುತ್ತವೆ.

"ಏನೂ ಇಲ್ಲ ಕಣಮ್ಮ" ಎಂದೆ.

ಅವಳು ತಲೆಯಾಡಿಸಿದಳು. "ಹಾಗಾದ್ರೆ ನಂದೇ ತಪ್ಪು ಅಕ್ಕ. ನೂರೆಂಟು ಮಾಡಿಸಬಾರದಿತ್ತು. ಕ್ಷಮಿಸಿ. ಇನ್ನು ಎಲ್ಲೂ ಕಲಿಸೋಕೆ ಹೋಗಲ್ಲ" ಎಂದು ನನ್ನ ಪಾದ ಮುಟ್ಟಿ ಎದ್ದು ಹೋದಳು. ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಎಷ್ಟು ಜನಕ್ಕೆ ನಾನು ನಾಚಿಕೆಯಾಗಲ್ವಾ ಎಂದು ಬೈದಿದ್ದೆ! ಆವತ್ತು ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಮಧ್ಯಾಹ್ನ ಮಂಡ್ಯದ ಡಾಕ್ಟರಮ್ಮನ ಹತ್ತಿರ ಹೋದೆವು. ಬಸ್ಸು ಹತ್ತಲು ನನಗೆ ಕಷ್ಟವಾಯಿತು ಸರಿ, ನನ್ನ ಗಂಡನೂ ಎರಡು ಕೈಯಲ್ಲಿ ಕಂಬಿ ಹಿಡಿದು ಹತ್ತಿದರು. ಡಾಕ್ಟರಮ್ಮ ಎಲ್ಲ ಕೇಳಿ, ತೊಡೆ ಒತ್ತಿ ನೋಡಿ, "ಮೂತ್ರ ಯಾವ ಬಣ್ಣ ಇದೆ?" ಎಂದರು.

"ಯಾವತ್ತಿನಂಗೇ ಅದೆ."

"ಬದುಕಿದ್ರಿ. ಕಾಫಿ ಬಣ್ಣಕ್ಕೆ ತಿರುಗಿದ್ರೆ ನಾಳೆ ನಾಡಿದ್ದು ಅನ್ನದೆ ಆಗಿಂದಾಗ್ಲೇ ಓಡಿ ಬರ್ಬೇಕು, ತಿಳೀತಾ? ಮಾತ್ರೆ ದಿನಕ್ಕೆ ಎಷ್ಟು ತಗೋತಿದ್ದೀರಿ?"

"ಒಂದು."

"ಶೀಟು ತಂದಿದ್ದೀರಾ?"

ಧೈರ್ಯವಾಗಿ ಚೀಲದಿಂದ ನನ್ನ ಶೀಟು ತೆಗೆದುಕೊಟ್ಟೆ. ನನ್ನದರಲ್ಲಿ ಮೋಸವೇ ಇಲ್ಲವಲ್ಲ! ಡಾಕ್ಟರಮ್ಮ ಚೀಟಿ ನೋಡಿದರು, ಶೀಟು ನೋಡಿದರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಈ ಸಲದ್ದು ಕೊಟ್ಟು ಇಪ್ಪತ್ತು ದಿನ ಆಯ್ತು. ಕೊಟ್ಟಿದ್ದು ಮೂವತ್ತು. ಹತ್ತು ಉಳೀಬೇಕು. ಇಲ್ಲಿ ಒಂದಿದೆ. ಒಂಬತ್ತು ಎಲ್ಲಮ್ಮ ಹೋಯ್ತು? ಜಾಸ್ತಿ ನುಂಗಿದ್ದೀರಿ ತಾನೆ?"

ಬಸ್ಸಿನ ಜನರನ್ನು ದಿನವೂ ಎಣಿಸಿದವಳು ನನ್ನ ಮಾತ್ರೆಯನ್ನು ಒಂದು ದಿನವೂ ಎಣಿಸಿರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಾಡಿದ್ದಕ್ಕೆ ಬೈದರೆ ಬೈಯಲಿ, ಮಾಡದ್ದಕ್ಕೆ ಬೈಯುವುದೇ?

"ಇಲ್ಲ ಕಣಮ್ಮ! ದೇವ್ರಾಣೆ ನಾನು ನಂದ್ರಲ್ಲಿ ಒಂದೂ ಜಾಸ್ತಿ ತಗಂಡಿಲ್ಲ! ನಾನು ತಗಂಡಿದ್ದೆಲ್ಲ ಇವ್ರುದ್ರಲ್ಲಿ!"

ಅಂದಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಾನು ಗಂಡನ ಕಡೆ ತಿರುಗಿದೆ, ಬೈಗುಳ ಬರುತ್ತದೆ ಎಂದು. ಅವರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ಕೂತಿದ್ದರು. ಆ ನೋಟ ನನಗೆ ಗೊತ್ತು. ಟಿಕೆಟ್ ಇಲ್ಲದವರು ಕಿಟಕಿಯಾಚೆ ನೋಡುವ ನೋಟವೇ ಅದು.

"ರೀ! ನನ್ನವು ಒಂಬತ್ತು ನೀವಾ?"

"ಬಾಡೂಟದ ದಿನ ಒಂದೊಂದು..." ಎಂದರು ಫ್ಯಾನಿಗೆ. "ಅಷ್ಟು ತಿಂದ್ಮೇಲೆ ಒಂದೆಲ್ಲಿ ಸಾಕಾದದು ಅಂತ. ನಂದು ಕಮ್ಮಿಯಾದ್ರೆ ನೀ ಕೇಳ್ತಿದ್ದೆ. ನಿಂದು ಸಣ್ಣದು, ಅದೇನ್ ಮಾಡಾತು ಅಂತ ತಗಂಡೆ."

ನನಗೆ ನಗು ಕಿತ್ತುಕೊಂಡು ಬಂತು. ತಡೆಯಲಾಗಲಿಲ್ಲ. ನಕ್ಕರೆ ಹೊಟ್ಟೆ, ಪಕ್ಕೆ, ತೋಳು, ತೊಡೆ ಎಲ್ಲ ಚುರುಕ್ ಎನ್ನುತ್ತಿತ್ತು, ಅಯ್ಯಮ್ಮಾ ಅಯ್ಯಮ್ಮಾ ಎನ್ನುತ್ತಲೇ ನಕ್ಕೆ. ನನ್ನನ್ನು ನೋಡಿ ಅವರೂ ನಗಲು ಹೋಗಿ ಸೊಂಟ ಹಿಡಿದುಕೊಂಡರು. ಆಗ ಡಾಕ್ಟರಮ್ಮ ಕೇಳಿದರು: "ಯಜಮಾನ್ರೇ, ನಿಮಗೂ ತೊಡೆ ನೋವಾ?"

"ಊಂ."

"ನೀವು ಎಷ್ಟು ಸೂರ್ಯನಮಸ್ಕಾರ ಮಾಡಿದ್ರಿ?"

ಅವರ ನಗು ನಿಂತುಹೋಯಿತು. ನನ್ನದೂ ನಿಂತಿತು. ಜನ್ಮದಲ್ಲಿ ಒಂದು ಆಸನ ಮಾಡದವರ ತೊಡೆಗೂ ಅದೇ ನೋವು. ಹಾಗಾದರೆ ಬೀಗ ಬಿದ್ದದ್ದು ಯಾರ ಬಾಗಿಲಿಗೆ? ಪಾದ ಮುಟ್ಟಿ ಹೋದವಳು ಯಾರ ತಪ್ಪಿಗೆ?

ಡಾಕ್ಟರಮ್ಮ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಬರೆದರು. ನಗದೆ, ಮಕ್ಕಳಿಗೆ ಹೇಳುವಂತೆ ಹೇಳಿದರು. ಈ ಮಾತ್ರೆ ತಿಂದ ಊಟವನ್ನು ಕರಗಿಸುವುದಿಲ್ಲ, ಅದು ದಿನವೂ ಒಂದೇ ಸಮ ಮಾಡುವ ಕೆಲಸ. ಹೆಚ್ಚು ನುಂಗಿದರೆ ಕೆಲವರ ಸ್ನಾಯು ಕೆಡುತ್ತದೆ, ಅದರ ಮೇಲೆ ಮೈ ಮುರಿಯುವಂತೆ ನೂರೆಂಟು ಹಾಕಿದರೆ ಕೇಳುವುದೇ ಬೇಡ. ಹಾಗೆಂದು ಹೆದರಿ ತಾವೇ ನಿಲ್ಲಿಸುವುದೂ ಅಷ್ಟೇ ತಪ್ಪು. "ಈಗ ನಾನು ಹೇಳ್ತಿರೋದ್ರಿಂದ ಇಬ್ರೂ ನಿಲ್ಲಿಸಿ. ಯಾವಾಗ, ಎಷ್ಟು ಶುರು ಮಾಡ್ಬೇಕು ಅಂತ ರಕ್ತ ನೋಡಿ ನಾನೇ ಹೇಳ್ತೀನಿ. ಯೋಗ ಬಿಡಬೇಡಿ. ನೋವು ಇಳಿದ ಮೇಲೆ ನಿಧಾನಕ್ಕೆ, ಸ್ವಲ್ಪ ಸ್ವಲ್ಪ. ಕಲಿಸೋರಿಗೆ ಮಾತ್ರೆ ವಿಷಯ ಮೊದ್ಲು ಹೇಳಿ. ಅವ್ರು ಕೇಳಿರ್ಲಿಲ್ವಾ?"

"ಕೇಳಿದ್ರು" ಎಂದೆ. "ಮೂರು ಸಲ."

ಸಂಜೆ ರಿಪೋರ್ಟು ಬಂತು. ಸ್ನಾಯು ಕೆಟ್ಟರೆ ರಕ್ತದಲ್ಲಿ ಏರುವ ಅಂಶ ಇಬ್ಬರದೂ ಏರಿದೆ, ಗಾಬರಿಯ ಮಟ್ಟವಲ್ಲ ಎಂದರು. ಮಳವಳ್ಳಿಯಲ್ಲಿ ಇಳಿದ ಮೇಲೆ ಮನೆಗೆ ಹೋಗುವ ದಾರಿ ಎಡಕ್ಕೆ. ನನ್ನ ಗಂಡ ತಿರುಗದೆ ಬ್ಲಫ್ ಬಸ್ಸಿನ ಕಡೆ ಕುಂಟುತ್ತ ನಡೆದರು. "ಬಾ ಅಮ್ಮಿ, ಓಗಿ ಬರನ" ಎಂದರಷ್ಟೆ. ನಲವತ್ತು ವರ್ಷದ ಸಂಸಾರದಲ್ಲಿ ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ಕಮ್ಮಿ.

ಟೀಚರ್ ಬಾಗಿಲು ತೆಗೆದಾಗ ಅವಳ ಕಣ್ಣು ಊದಿತ್ತು. ನಾನು ನಿಂತಲ್ಲೇ ಎಲ್ಲ ಹೇಳಿದೆ: ನನ್ನ ಒಂದು, ಕದ್ದ ಒಂಬತ್ತು, ಇವರ ಒಂಬತ್ತು, ಮಂಚದ ಮೇಲೆ ಹೇಳಿದ ಸುಳ್ಳು. ಕೇಳುತ್ತ ಕೇಳುತ್ತ ಅವಳು ಬಾಗಿಲಲ್ಲೇ ಕುಸಿದು ಕೂತು, ಒಟ್ಟಿಗೇ ಅಳುತ್ತ ನಗುತ್ತ, "ನನ್ನಿಂದ ಒಬ್ಬರ ಕಾಲು ಹೋಯ್ತಲ್ಲಾ ಅಂತ ಇದ್ದೆ ಅಕ್ಕ" ಎಂದಳು.

ನನ್ನ ಗಂಡ ಸೊಂಟದಿಂದ ಕೀ ಬಿಚ್ಚಿ ಚಾಚಿದರು. "ತಪ್ಪು ನಂದು ಕಣಮ್ಮ. ಬೀದಿಲಿ ನಿಂತ್ಕಂಡು ಅಂದ್ಬುಟ್ಟೆ. ಇದು ನಿನ್ತಾವೇ ಇರ್ಲಿ."

"ಕೀ ಬೇಡ ಅಣ್ಣ" ಎಂದಳು ಅವಳು. "ನಾಳೆ ಬರ್ತೀನಿ. ಮೊದಲ ದಿನ ಕೇಳಿದ್ದನ್ನೇ ಇನ್ನೊಂದು ಸಲ ಕೇಳ್ತೀನಿ. ಆಗ ಕೈ ಎತ್ತಿ, ಸಾಕು."

ಮರುದಿನ ಭವನದ ಬಾಗಿಲು ತೆರೆದಿತ್ತು. ನನಗೊಂದು ಕುರ್ಚಿ ಹಾಕಿದ್ದರು. ನನ್ನ ಗಂಡ ಬಾಗಿಲ ಹತ್ತಿರ, ಕೊಪ್ಪರಿಗೆಗೆ ಒರಗಿ ನಿಂತಿದ್ದರು. ನಿನ್ನೆ ಬೀದಿಗೆ ಕೇಳುವಂತೆ ಬೈದವರು ಇವತ್ತು ಅಷ್ಟೇ ಜೋರಾಗಿ ತಪ್ಪೊಪ್ಪಿಕೊಂಡರು. ಆಮೇಲೆ ಟೀಚರ್ ಚಾಪೆಯ ಮೇಲೆ ಕೂತು, ಏನೂ ಆಗದವಳಂತೆ ಮೆತ್ತಗೆ ಕೇಳಿದಳು: "ಯಾರಾದ್ರೂ ಮಾತ್ರೆ ತಗೊಳ್ತಿದ್ರೆ ಕೈ ಎತ್ತಿ."

ನಾನು ಎತ್ತಿದೆ. ಅರ್ಧಕ್ಕೆ ತೋಳು ನಿಂತಿತು. ಹಲ್ಲು ಕಚ್ಚಿ, ಬಸ್ಸಿನ ಕಂಬಿ ಹಿಡಿಯುವಷ್ಟು ಎತ್ತರಕ್ಕೆ ಎತ್ತಿದೆ. ಬಾಗಿಲಲ್ಲಿ ನನ್ನ ಗಂಡನ ಕೈ ಮೇಲೆದ್ದಿತು. ಆಮೇಲೆ ನನ್ನ ಪಕ್ಕದಲ್ಲಿ ಬಳೆಯ ಸದ್ದಾಯಿತು. ನೋಡಿದರೆ ವಾರಗಿತ್ತಿಯ ಕೈ!

"ನಿಂಗೂ ಅದಾ? ಕಲ್ಲಂಗಿವ್ನಿ ಅಂದ್ಯಲ್ಲೇ!"

"ಆರು ವರ್ಸದಿಂದ ಕಣಕ್ಕ" ಎಂದಳು ಅವಳು, ಅಳುಮುಖ ಮಾಡಿಕೊಂಡು. "ನೀ ಎತ್ಲಿಲ್ಲ, ಅದ್ಕೆ ನಾನೂ ಎತ್ಲಿಲ್ಲ."

ಹಿಂದಿನ ಸಾಲಿನಲ್ಲಿ ಒಂದು, ಮೂಲೆಯಲ್ಲಿ ಎರಡು, ಎದುರಿಗೆ ಮೂರು. ನಾನು ಹಳೆಯ ಅಭ್ಯಾಸದಂತೆ ತಲೆಯಾಡಿಸುತ್ತ ಎಣಿಸಿದೆ. ಹನ್ನೊಂದು ಹೆಂಗಸರಲ್ಲಿ ಎಂಟು ಕೈ. ಒಬ್ಬಳಂತೂ, "ಬಾಡೂಟದ ದಿನ ಎರಡು ಅನ್ನೋದು ತಪ್ಪಾ ಮತ್ತೆ?" ಎಂದು ನಿಜವಾಗಿ ಕೇಳಿದಳು. ಭವನಕ್ಕೆ ಭವನವೇ ಬಿದ್ದು ಬಿದ್ದು ನಕ್ಕಿತು. ಕೊಪ್ಪರಿಗೆ ಕೂಡ ಗಂಯ್ ಎಂದಿತು, ನನ್ನ ಗಂಡ ನಗುತ್ತ ಬಗ್ಗಿ ಅದಕ್ಕೆ ತಲೆ ತಗುಲಿಸಿಕೊಂಡಿದ್ದರು.

ಎಲ್ಲರೂ ಕೈ ಇಳಿಸಿದರು. ನಾನು ಇಳಿಸಲಿಲ್ಲ. ತೋಳು ಗಡಗಡ ನಡುಗುತ್ತಿತ್ತು, ಆದರೂ ಇಳಿಸಲಿಲ್ಲ. ಮೊದಲ ದಿನ ಒಂದು, ರಥಸಪ್ತಮಿಯ ದಿನ ಒಂದು, ಮಂಚದ ಮೇಲೆ ಒಂದು, ಮೂರು ಸಲ ಎತ್ತಬೇಕಿದ್ದ ಕೈ ಅದು. ಟೀಚರ್ ಎದ್ದು ಬಂದಳು. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನನ್ನ ಮಡಿಲಿಗೆ ಇಳಿಸಿದಳು.

"ಸಾಕು ಅಕ್ಕ" ಎಂದಳು. "ನೋಯುತ್ತೆ."